ತಪ್ಪು ಮಾಡಲು ನೇಮಿಸಿದ ಹುಡುಗಿ

ಸ್ವಲ್ಪ ನಿಲ್ಲಿ, ಇದೊಂದನ್ನು ಕೇಳಿಕೊಂಡೇ ಹೋಗಿ. ನಗು ಬಂದರೆ ನಕ್ಕುಬಿಡಿ, ಬೇಸರವಿಲ್ಲ. ಆದರೆ ಅರ್ಧಕ್ಕೆ ಎದ್ದು ಹೋಗಬೇಡಿ, ಯಾಕೆಂದರೆ ನನ್ನ ಹೊಟ್ಟೆ ಉರಿಸಿದ ಸಂಗತಿ ಬರುವುದು ಆಮೇಲೆ.

ನಾನು ದೈಹಿಕ ಶಿಕ್ಷಣದ ಪದವಿ ಮಾಡಿದವಳು. ಕುತ್ತಿಗೆಯಲ್ಲಿ ವಿಷಲ್ ಇದೆ, ಮಕ್ಕಳಿಗೆ ಆಟ ಕಲಿಸಬಹುದು ಎಂದು ಸೀಲು ಹಾಕಿ ಕೊಟ್ಟ ಕಾಗದ ಇದೆ. ಆ ಕಾಗದ ಸಿಗುವುದಕ್ಕೆ ಸ್ವಲ್ಪವೇ ದಿನ ಮೊದಲಿನವರೆಗೆ ನನಗೆ ಒಂದು ಲಾಗ ಹಾಕಲು ಬರುತ್ತಿರಲಿಲ್ಲ. ದೊಡ್ಡ ಲಾಗವೇನಲ್ಲ. ಚಾಪೆಯ ಮೇಲೆ ಕೈ ಊರಿ, ತಲೆ ಒಳಗೆ ಮಾಡಿ, ಬೆನ್ನಿನ ಮೇಲೆ ಉರುಳಿ ಎದ್ದು ನಿಲ್ಲುವುದು. ಮೂರು ವರ್ಷದ ಮಗು ಯಾರೂ ಹೇಳಿಕೊಡದೆ ಹಾಸಿಗೆಯ ಮೇಲೆ ಹಾಕುವ ಲಾಗ. ನಮ್ಮ ಪಠ್ಯದಲ್ಲಿ ಅದರ ಹೆಸರು ಫಾರ್ವರ್ಡ್ ರೋಲ್. ಅದರ ಬಗ್ಗೆ ನಾನು ಎರಡು ಪುಟ ಬರೆಯಬಲ್ಲೆ, ಚಿತ್ರ ಬಿಡಿಸಬಲ್ಲೆ. ಹಾಕಲು ಮಾತ್ರ ಬರುತ್ತಿರಲಿಲ್ಲ.

ನಾನು ಆಟ ಕಲಿತದ್ದು ಒಬ್ಬಳೇ. ನಮ್ಮ ಮನೆ ಬಂಟ್ವಾಳದಲ್ಲಿ, ನದಿಗೆ ಹತ್ತಿರ. ಮನೆಯ ಹಿಂದೆ ಮುಚ್ಚಿಹೋದ ಒಂದು ಅಕ್ಕಿ ಮಿಲ್ಲು, ಅದರ ಉದ್ದದ ಗೋಡೆ. ಒಂದು ವರ್ಷ ನೆರೆ ಏರಿದಾಗ ಆ ಗೋಡೆಯ ಮೇಲೆ ಕೆಸರಿನ ಗೆರೆ ಉಳಿದಿತ್ತು. ನನ್ನ ತಲೆಗಿಂತ ಒಂದು ಮೊಳ ಮೇಲೆ. ಅದೇ ನನ್ನ ಥ್ರೋಬಾಲ್ ನೆಟ್. ಫೋನನ್ನು ಕಲ್ಲಿಗೆ ಒರಗಿಸಿ ಇಟ್ಟು, ವಿಡಿಯೋ ನೋಡುತ್ತ, ಚೆಂಡನ್ನು ಆ ಗೆರೆಯ ಮೇಲೆ ಎಸೆಯುವುದು, ಮರಳಿ ಬಂದದ್ದನ್ನು ಹಿಡಿಯುವುದು. ಹೈಸ್ಕೂಲಿಗೆ ಬರುವಷ್ಟರಲ್ಲಿ ನನ್ನ ಸರ್ವಿಸ್ ಹಿಡಿಯುವವರು ತಾಲೂಕಿನಲ್ಲಿ ಹೆಚ್ಚು ಮಂದಿ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದಿನ ಮಾತಿಗೆ ಬೇಕು ಎಂದು ಹೇಳುತ್ತಿದ್ದೇನೆ.

ಆರನೇ ತರಗತಿಯಲ್ಲಿ ಒಮ್ಮೆ ಲಾಗ ಹಾಕಲು ಹೋಗಿ ಕುತ್ತಿಗೆ ಉಳುಕಿತ್ತು. ಎರಡು ದಿನ ಒಂದೇ ಕಡೆ ನೋಡುತ್ತ ನಡೆದೆ. ಆಮೇಲೆ ಮತ್ತೊಮ್ಮೆ ಹಾಕು ಎಂದು ಯಾರೂ ಹೇಳಲಿಲ್ಲ, ನಾನೂ ಹಾಕಲಿಲ್ಲ. ಥ್ರೋಬಾಲಿನಲ್ಲಿ ಕಪ್ ತರುವ ಹುಡುಗಿಗೆ ಲಾಗ ಯಾಕೆ ಬೇಕು. ಹೀಗೆ ವರ್ಷಗಳು ಹೋದವು, ಹೆದರಿಕೆ ಅಲ್ಲಿಯೇ ಕುಳಿತಿತ್ತು. ತಲೆ ಕೆಳಗೆ, ಸೊಂಟ ಮೇಲೆ ಎಂಬ ಸ್ಥಿತಿಗೆ ಮೈ ಹೋಗುತ್ತಿದ್ದಂತೆ ಕೈಗಳು ತಾವಾಗಿಯೇ ಗಟ್ಟಿಯಾಗಿಬಿಡುತ್ತಿದ್ದವು.

ಮೂಡುಬಿದಿರೆಯಲ್ಲಿ ತರಬೇತಿಗೆ ಸೇರಿದ ಮೊದಲ ತಿಂಗಳು ನಾನು ಫೋನಿನಲ್ಲಿ ದೈಹಿಕ ಸಾಕ್ಷರತೆ ಎಂಬ ಮಾತನ್ನು ಓದಿದೆ. ಓದು ಬರಹಕ್ಕೆ ಅಕ್ಷರ ಇದ್ದ ಹಾಗೆ ಮೈಗೂ ಅಕ್ಷರಗಳಿವೆಯಂತೆ. ಓಡುವುದು, ಕುಂಟುವುದು, ನೆಗೆಯುವುದು, ಉರುಳುವುದು, ಎಸೆಯುವುದು, ಹಿಡಿಯುವುದು, ಒಂದು ಕಾಲಲ್ಲಿ ನಿಲ್ಲುವುದು. ಇವು ಬಂದವನು ಯಾವ ಆಟಕ್ಕೂ ಧೈರ್ಯದಿಂದ ಇಳಿಯುತ್ತಾನೆ, ಬಾರದವನು ಬದಿಯಲ್ಲಿ ನಿಲ್ಲುತ್ತಾನೆ. ಅವತ್ತು ನಿದ್ದೆ ಸರಿಯಾಗಿ ಬರಲಿಲ್ಲ. ನನ್ನ ಮೈಗೆ ಎರಡೇ ಅಕ್ಷರ ಗೊತ್ತು, ಎಸೆಯುವುದು ಮತ್ತು ಹಿಡಿಯುವುದು. ಉಳಿದದ್ದೆಲ್ಲ ಹೆಬ್ಬೆಟ್ಟು. ಮತ್ತು ನಾನು ಶಿಕ್ಷಕಿಯಾಗಲು ಹೊರಟಿದ್ದೇನೆ.

ನಾನೊಬ್ಬಳೇ ಎಂದುಕೊಂಡಿದ್ದೆ. ಜಿಮ್ನಾಸ್ಟಿಕ್ಸ್ ತರಗತಿಯ ಮೊದಲ ದಿನ ಗೊತ್ತಾಯಿತು, ಅಲ್ಲ. ಒಂದು ಮ್ಯಾಟು, ಅದರ ಮುಂದೆ ಉದ್ದದ ಸಾಲು. ಸಾಲು ಮುಂದೆ ಹೋದ ಹಾಗೆ ಕೆಲವರು ಷೂ ಲೇಸು ಕಟ್ಟಲು ಬದಿಗೆ ಸರಿಯುತ್ತಾರೆ, ಕಟ್ಟಿ ಮುಗಿಸಿ ಹಿಂದೆ ಹೋಗಿ ನಿಲ್ಲುತ್ತಾರೆ. ಕೆಲವರಿಗೆ ನೀರು ಕುಡಿಯಬೇಕು. ಲಾಗ ಬರುವವರು ಎರಡು ಮೂರು ಸಲ ಹಾಕುವಷ್ಟರಲ್ಲಿ ಬೆಲ್ ಆಗುತ್ತದೆ. ಕಲಿಸುವ ಸರ್ ಕೆಟ್ಟವರಲ್ಲ, ಅವರು ಮ್ಯಾಟಿನ ಮೇಲೆ ಬಂದವರನ್ನು ನೋಡುತ್ತಿದ್ದರು. ಬಾರದವರನ್ನು ಎಣಿಸುವ ಪದ್ಧತಿ ಇರಲಿಲ್ಲ. ಎರಡು ವರ್ಷ ಹೀಗೆ ಸಾಲಿನಲ್ಲಿ ಹಿಂದೆ ಸರಿಯುತ್ತಲೇ ಒಂದು ಪದವಿ ಮುಗಿಸಬಹುದು ಎಂದರೆ ನೀವು ನಂಬಬೇಕು.

ಸಾಲಿನ ಕೊನೆಯಲ್ಲಿ ನನ್ನ ಜೊತೆ ಯಾವಾಗಲೂ ಇನ್ನೊಬ್ಬ ಇರುತ್ತಿದ್ದ. ಬೆಳ್ತಂಗಡಿ ಕಡೆಯ ಕಬಡ್ಡಿ ಆಟಗಾರ, ಬಾಗಿಲಿನಷ್ಟು ಅಗಲ. ಮೂರು ಜನ ಮೇಲೆ ಬಿದ್ದರೂ ಗೆರೆ ಮುಟ್ಟಿ ಬರುವವನು, ಮ್ಯಾಟಿನ ಮುಂದೆ ಬಂದರೆ ಬೆವರುತ್ತಿದ್ದ. ಲೇಡೀಸ್ ಫಸ್ಟು ಎಂದು ಅವನು ನನ್ನನ್ನು ಮುಂದೆ ದೂಡುವುದು, ಹಿರಿಯರಿಗೆ ಮರ್ಯಾದೆ ಎಂದು ನಾನು ಅವನನ್ನು ದೂಡುವುದು. ಒಂದು ದಿನ ಅವನೇ ಮೆಲ್ಲಗೆ ಹೇಳಿದ.

"ನಾವಿಬ್ರೂ ಒಳ್ಳೆ ಮಾಸ್ಟ್ರಾಗ್ತೇವೆ ಮಾರಾಯ್ತಿ. ಮಕ್ಕಳಿಗೆ ಕ್ಯೂ ನಿಲ್ಲೂದು ಹೇಗೆ ಅಂತ ಪಸ್ಟ್ ಕ್ಲಾಸ್ ಹೇಳಿ ಕೊಡ್ಬಹುದು."

ನಕ್ಕೆವು. ನಕ್ಕದ್ದೇ ತಪ್ಪಾಯಿತು ಎಂದು ಈಗ ಅನಿಸುತ್ತದೆ. ಆ ದಿನ ಹೋಗಿ ಸರ್ ಹತ್ತಿರ ನಮಗೆ ಲಾಗ ಬರುವುದಿಲ್ಲ ಎಂದು ಹೇಳಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ.

ಎರಡನೇ ವರ್ಷ ಪಾಠಾಭ್ಯಾಸ. ಅಂದರೆ ನಾವು ಹತ್ತಿರದ ಶಾಲೆಗಳಿಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು, ಕೊನೆಗೆ ಹೊರಗಿನಿಂದ ಒಬ್ಬರು ಪರೀಕ್ಷಕರು ಬಂದು ಒಂದು ಪಾಠ ನೋಡಿ ಅಂಕ ಕೊಡುತ್ತಾರೆ. ನನಗೆ ಸಿಕ್ಕಿದ್ದು ಬೆಳುವಾಯಿ ಕಡೆಯ ಒಂದು ಶಾಲೆ, ಏಳನೇ ತರಗತಿ. ಕೊನೆಯ ಪಾಠದ ವಿಷಯಕ್ಕೆ ಚೀಟಿ ಎತ್ತಿಸಿದರು. ಕಬಡ್ಡಿಯವನಿಗೆ ರಿಲೇ ಓಟದಲ್ಲಿ ಬ್ಯಾಟನ್ ಕೊಡುವುದು ಬಂತು. ನಾನು ಬಿಡಿಸಿ ನೋಡಿದರೆ ಫಾರ್ವರ್ಡ್ ರೋಲ್. ಬದಲಾಯಿಸಿಕೊಳ್ಳುವ ಎಂದು ಅವನನ್ನು ಕೇಳಿದೆ. ಅವನು ಚೀಟಿಯನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಡುವ ಹಾಗೆ ಮಾಡಿದ.

ಈಗ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ನಮ್ಮ ಪಾಠಯೋಜನೆಯಲ್ಲಿ ಕಲಂಗಳಿರುತ್ತವೆ. ಮಕ್ಕಳನ್ನು ನಿಲ್ಲಿಸುವುದು, ಮೈ ಬಿಸಿ ಮಾಡುವುದು, ಪ್ರಾತ್ಯಕ್ಷಿಕೆ, ಅಭ್ಯಾಸ, ತಪ್ಪು ತಿದ್ದುವುದು, ಹೀಗೆ. ಪ್ರತಿಯೊಂದಕ್ಕೂ ಅಂಕ ಬೇರೆ. ಪ್ರಾತ್ಯಕ್ಷಿಕೆ ಎಂದರೆ ಮಾಡಿ ತೋರಿಸುವುದು. ಶಿಕ್ಷಕರೇ ಮಾಡಬೇಕೆಂದು ಎಲ್ಲೂ ಬರೆದಿಲ್ಲ. ಹಾಗಾಗಿ ತರಗತಿಯಲ್ಲಿ ಚೆನ್ನಾಗಿ ಮಾಡುವ ಒಂದು ಮಗುವನ್ನು ಮೊದಲೇ ಹುಡುಕಿ ಇಟ್ಟುಕೊಳ್ಳುತ್ತೇವೆ. ತಪ್ಪು ತಿದ್ದುವುದಕ್ಕೂ ಅಂಕ ಇರುವುದರಿಂದ ಯಾರಾದರೂ ತಪ್ಪು ಮಾಡಲೇಬೇಕು. ಪರೀಕ್ಷೆಯ ದಿನ ಎಲ್ಲ ಮಕ್ಕಳೂ ಸರಿ ಮಾಡಿಬಿಟ್ಟರೆ ನಮ್ಮ ಗತಿ ಏನು. ಅದಕ್ಕೆ ಇನ್ನೊಂದು ಮಗುವನ್ನು ತಪ್ಪು ಮಾಡಲು ನೇಮಿಸುತ್ತೇವೆ. ಯಾವ ತಪ್ಪು, ಯಾವಾಗ, ಎಲ್ಲ ಮೊದಲೇ ಅಭ್ಯಾಸ ಮಾಡಿಸುತ್ತೇವೆ. ಇದನ್ನು ಯಾರೂ ತರಗತಿಯಲ್ಲಿ ಕಲಿಸುವುದಿಲ್ಲ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನಕಲು ಮಾಡಲು ತರುತ್ತೇವಲ್ಲ, ಅದರ ಜೊತೆಗೆ ಬಾಯಿಂದ ಬಾಯಿಗೆ ಬರುತ್ತದೆ.

ನನಗೆ ರೆಕಾರ್ಡ್ ಕೊಟ್ಟ ಸೀನಿಯರ್ ಅಕ್ಕ ಆ ಶಾಲೆಯ ಒಬ್ಬಳು ಹುಡುಗಿಯ ಗುರುತು ಹೇಳಿದ್ದರು. ಎರಡು ಜಡೆ, ಮುಂದಿನ ಹಲ್ಲು ಸ್ವಲ್ಪ ಮುರಿದಿದೆ, ಐದನೆಯ ತರಗತಿಯಿಂದ ನಮ್ಮವರಿಗೆಲ್ಲ ಅವಳೇ. "ಭಾರಿ ಚಂದ ತಪ್ಪು ಮಾಡ್ತಾಳೆ, ಮತ್ತೆ ನಗೂದಿಲ್ಲ" ಎಂದಿದ್ದರು. ಹೌದು, ಹಾಗೆಯೇ ಇದ್ದಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮಗು. ಕಾಲು ಮಡಚದೆ ಉರುಳು ಎಂದರೆ ಹಾಗೆ, ತಲೆಯ ನಡುನೆತ್ತಿ ಊರಿ ಪಕ್ಕಕ್ಕೆ ಬೀಳು ಎಂದರೆ ಹಾಗೆ. ನೆತ್ತಿ ಊರಿಸುವುದು ಅಪಾಯ ಎಂದು ನನ್ನ ರೆಕಾರ್ಡಿನಲ್ಲೇ ಕೆಂಪು ಶಾಯಿಯಲ್ಲಿ ಬರೆದಿತ್ತು. ಆದರೂ ಮಾಡಿಸಿದೆ.

ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅವಳನ್ನು ನೋಡಿದೆ. ಬೆನ್ನಿನಲ್ಲಿ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ, ಬಸ್ಸು ಹೊರಟಾಗಿದೆ. ಇಳಿಜಾರಿನಲ್ಲಿ ಓಡಿ ಬಂದು, ಚರಂಡಿಯನ್ನು ಒಂದೇ ನೆಗೆತಕ್ಕೆ ದಾಟಿ, ಆ ವೇಗದಲ್ಲೇ ಬಾಗಿಲಿನ ಕಂಬಿ ಹಿಡಿದು ಹತ್ತಿದಳು. ಡಬ್ಬಿಯ ಮುಚ್ಚಳ ಸಹ ಅಲ್ಲಾಡಲಿಲ್ಲ. ಇಂಥವಳಿಗೆ ಲಾಗ ಬಾರದೇ ಇರುತ್ತದೆಯೇ ಎಂಬ ಯೋಚನೆ ಬಂದು ಹೋಯಿತು. ಹೋಯಿತು, ಅಷ್ಟೇ. ನನಗೆ ನನ್ನದೇ ಚಿಂತೆ.

ನನ್ನ ಚಿಂತೆ ಏನೆಂದರೆ, ಪಾಠದ ದಿನದೊಳಗೆ ನಾನು ಲಾಗ ಕಲಿಯಬೇಕು. ಮಗುವಿನಿಂದ ಮಾಡಿಸಿದರೆ ಸಾಕು, ಅಂಕ ಬರುತ್ತದೆ, ಗೊತ್ತು. ಆದರೆ ಬಾರದ್ದನ್ನು ಕಲಿಸಲು ನಿಂತರೆ ನನ್ನ ಜೀವನ ಪೂರ್ತಿ ಹೀಗೆಯೇ ಆಗುತ್ತದೆ ಎಂದು ಹೆದರಿದ್ದೆ. ಹಾಸ್ಟೆಲಿನ ಕೋಣೆಯಲ್ಲಿ ಎರಡು ಹಾಸಿಗೆ ನೆಲಕ್ಕೆ ಹಾಕಿ, ಫೋನನ್ನು ಗೋಡೆಗೆ ಒರಗಿಸಿ, ಅದೇ ಹಳೆಯ ಕ್ರಮದಲ್ಲಿ ಶುರು ಮಾಡಿದೆ. ನಿಧಾನ ಗತಿಯಲ್ಲಿ ನೋಡಿದೆ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಯಾವ ಕ್ಷಣಕ್ಕೆ ಹಿಮ್ಮಡಿ ನೆಲ ಬಿಡುತ್ತದೆ, ಯಾವಾಗ ಮೊಣಕೈ ಮಡಚುತ್ತದೆ, ಎಲ್ಲ ಬಾಯಿಪಾಠ. ಆಮೇಲೆ ಕೈ ಊರಿ ಬಗ್ಗುವುದು, ಹಾಸಿಗೆಯ ಹೂವಿನ ಚಿತ್ತಾರವನ್ನು ನೋಡುವುದು, ಎದ್ದು ನಿಲ್ಲುವುದು. ಪ್ರತಿದಿನ ಇಷ್ಟೇ. ಗೋಡೆಗೆ ಚೆಂಡು ಎಸೆಯುವಾಗ ತಪ್ಪಿದರೆ ಚೆಂಡು ಬೀಳುತ್ತದೆ. ಇಲ್ಲಿ ಬೀಳಬೇಕಾದದ್ದು ನಾನೇ. ಆ ವ್ಯತ್ಯಾಸವನ್ನು ಯಾವ ವಿಡಿಯೋದವರೂ ಹೇಳಲಿಲ್ಲ.

ವಾರದ ಕೊನೆಗೆ ಸಿದ್ಧಕಟ್ಟೆ ಮಾರ್ಗವಾಗಿ ಬಸ್ಸಿನಲ್ಲಿ ಮನೆಗೆ ಹೋದಾಗ ಮಾವ ಬಂದಿದ್ದರು, ಅಮ್ಮನ ಅಣ್ಣ. ಪ್ರತಿವರ್ಷ ಪೊಳಲಿ ಚೆಂಡಿಗೆ ಇಳಿಯುವವರು. ದೇವಸ್ಥಾನದ ಗದ್ದೆಯಲ್ಲಿ ನೂರಾರು ಜನ ಒಂದು ದೊಡ್ಡ ಚೆಂಡಿನ ಮೇಲೆ ಬೀಳುವ ಆಟ ಅದು. ವಯಸ್ಸು ಐವತ್ತು ದಾಟಿದರೂ ಬಿಟ್ಟಿಲ್ಲ. ಬೀಳುವುದಕ್ಕೆ ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಿದ್ದರೆ ಏಳುವುದು, ಅದರಲ್ಲಿ ಏನುಂಟು ಎಂದರು. ಅಂಗಿಯ ತೋಳು ಏರಿಸಿ ಮೊಣಕೈಯ ಹಳೆಯ ಗಾಯದ ಕಲೆ ತೋರಿಸಿದರು, ಬಹುಮಾನ ತೋರಿಸುವ ಹಾಗೆ. ಮಾವನಿಗೆ ಪಾಠಯೋಜನೆ ಎಂದರೆ ಏನೆಂದು ಗೊತ್ತಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಪರೀಕ್ಷೆಯ ದಿನ ಬಂತು. ನನಗೆ ಲಾಗ ಬಂದಿರಲಿಲ್ಲ.

ಪರೀಕ್ಷಕರು ಹಿರಿಯರು, ಬಿಳಿ ಟೋಪಿ, ಕೈಯಲ್ಲಿ ಅಂಕದ ಹಾಳೆ. ನನ್ನ ಚಾರ್ಟನ್ನು ಹತ್ತಿರ ಹೋಗಿ ನೋಡಿದರು. ಮಕ್ಕಳು ಅಚ್ಚುಕಟ್ಟಾಗಿ ನಿಂತರು. ಮಾಡಿ ತೋರಿಸುವ ಹುಡುಗ ಮೂರು ಲಾಗ ಹಾಕಿದ, ಚೆಂಡು ಉರುಳಿದ ಹಾಗೆ. ಅಭ್ಯಾಸ ಶುರುವಾಯಿತು. ನಾಲ್ಕನೆಯ ಸರದಿ ಎರಡು ಜಡೆಯವಳದ್ದು. ಹೇಳಿಕೊಟ್ಟ ಹಾಗೆಯೇ ತಲೆ ಊರಿ ಪಕ್ಕಕ್ಕೆ ಬಿದ್ದಳು. ನಾನು ವಿಷಲ್ ಹಾಕಿ ಎಲ್ಲರನ್ನೂ ನಿಲ್ಲಿಸಿ ದೊಡ್ಡ ದನಿಯಲ್ಲಿ ತಪ್ಪು ತಿದ್ದಿದೆ. ಗದ್ದ ಎದೆಗೆ ತಾಗಬೇಕು, ನೆತ್ತಿ ಊರಬಾರದು, ಬೆನ್ನು ಬಿಲ್ಲಿನ ಹಾಗೆ ಬಾಗಬೇಕು. ಎಲ್ಲ ಸರಿಯಾಗಿತ್ತು. ಪಾಠಯೋಜನೆಯ ಪ್ರಕಾರ ಇಲ್ಲಿ ಅವಳು ಸಾಲಿನ ಹಿಂದೆ ಹೋಗಬೇಕು.

ಪರೀಕ್ಷಕರು ಕೈ ಎತ್ತಿ ಅವಳನ್ನು ನಿಲ್ಲಿಸಿದರು. ಟೀಚರ್ ಹೇಳಿದ್ದು ಕೇಳಿದೆಯಲ್ಲ, ಈಗ ಸರಿಯಾಗಿ ಹಾಕು ನೋಡುವ ಎಂದರು. ಮೃದುವಾಗಿಯೇ ಹೇಳಿದರು.

ಇದನ್ನು ನಾವು ಅಭ್ಯಾಸ ಮಾಡಿಸಿರಲಿಲ್ಲ.

ಅವಳು ಮ್ಯಾಟಿನ ಮುಂದೆ ಬಂದಳು. ಬಗ್ಗಿದಳು, ಕೈ ಊರಿದಳು. ಕೈಗಳು ಗಟ್ಟಿಯಾದದ್ದು ನನಗೆ ನಾಲ್ಕು ಹೆಜ್ಜೆ ದೂರದಿಂದ ಕಾಣಿಸಿತು. ಆ ಗಟ್ಟಿತನ ನನ್ನದೇ. ಎದ್ದು ನಿಂತು ಲಂಗ ಸರಿ ಮಾಡಿಕೊಂಡಳು.

"ನಂಗೆ ಸರಿ ಹಾಕ್ಲಿಕ್ಕೆ ಬರೂದಿಲ್ಲ ಸರ್. ನಾನು ತಪ್ಪು ಮಾಡುವವಳು."

ಮಕ್ಕಳು ನಕ್ಕರು. ಪರೀಕ್ಷಕರೂ ಸ್ವಲ್ಪ ನಕ್ಕರು, ಮಗು ನಾಚಿಕೆಯಲ್ಲಿ ಏನೋ ಹೇಳಿತು ಎಂದುಕೊಂಡಿರಬೇಕು. ಆಮೇಲೆ ನನ್ನ ಕಡೆ ತಿರುಗಿದರು. "ನೀವೇ ಒಮ್ಮೆ ಮಾಡಿ ತೋರ್ಸಿ ಟೀಚರ್, ಮಕ್ಕಳಿಗೆ ಧೈರ್ಯ ಬರ್ತದೆ."

ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಕೇಳಿದ್ದರು. ಇದೇ ಬೇಕಿತ್ತಲ್ಲವೇ ನನಗೆ. ಮ್ಯಾಟು ಮೂರು ಹೆಜ್ಜೆ. ಬಾಯಿ ತೆರೆದಾಗ ಹೊರಗೆ ಬಂದದ್ದು, ಇವತ್ತು ಸ್ವಲ್ಪ ಹುಷಾರಿಲ್ಲ ಸರ್ ಎಂಬ ಮಾತು. ಹುಡುಗಿಯರು ಹಾಗೆ ಹೇಳಿದರೆ ಯಾವ ಸರ್ ಕೂಡ ಮುಂದೆ ಕೇಳುವುದಿಲ್ಲ. ಅವರು ಓ ಸರಿ ಸರಿ ಎಂದು ಬೇರೆ ಕಡೆ ನೋಡುತ್ತ ಹಾಳೆಯಲ್ಲಿ ಏನೋ ಬರೆದರು.

ಅಂಕ ಒಳ್ಳೆಯದೇ ಬಂತು. ದನಿ ಸ್ಪಷ್ಟ, ಚಾರ್ಟ್ ಉತ್ತಮ, ತಪ್ಪು ತಿದ್ದುವಿಕೆ ಬಹಳ ಉತ್ತಮ. ಕಬಡ್ಡಿಯವನು ರೆಕಾರ್ಡಿನಲ್ಲಿ ಆ ಷರಾ ಓದಿ, ಪಾರ್ಟಿ ಯಾವಾಗ ಎಂದು ಕೇಳಿದ. ಅವನ ಮೇಲೆ ರೇಗಿದೆ. ಎಂತ ಆಯ್ತು ನಿಂಗೆ, ಪಾಸಾದದ್ದಕ್ಕೆ ಬೇಜಾರಾ ಎಂದ. ಹೌದು, ಪಾಸಾದದ್ದಕ್ಕೇ ಬೇಜಾರು. ನಪಾಸು ಮಾಡಿದ್ದರೆ ಯಾರೋ ನೋಡಿದ್ದಾರೆ ಎಂದಾದರೂ ಆಗುತ್ತಿತ್ತು.

ಅದೇ ದಿನ ಮಧ್ಯಾಹ್ನ ಮ್ಯಾಟುಗಳನ್ನು ಶಾಲೆಯ ಹಿಂದಿನ ಕೋಣೆಗೆ ಹಾಕಬೇಕಿತ್ತು. ಎರಡು ಜಡೆಯವಳು ಒಂದು ತುದಿ ಹಿಡಿದಳು, ನಾನು ಒಂದು ತುದಿ. ಒಳಗೆ ಹೋಗಿ ಮ್ಯಾಟು ಕೆಳಗಿಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. ನಿನಗೆ ನಿಜವಾಗಿಯೂ ಬರುವುದಿಲ್ಲವೇ ಎಂದು ಕೇಳಿದೆ. ಮೊದಲು ಬರುತ್ತಿತ್ತು, ಈಗ ಕೈ ಊರಿದರೆ ತಪ್ಪೇ ಬರುತ್ತದೆ ಎಂದಳು. ಅಳುತ್ತ ಹೇಳಲಿಲ್ಲ. ಊಟಕ್ಕೆ ಇವತ್ತು ಸಾಂಬಾರು ಎಂದು ಹೇಳುವ ದನಿಯಲ್ಲಿ ಹೇಳಿದಳು.

"ನಂಗೂ ಬರೂದಿಲ್ಲ" ಎಂದೆ.

"ಸುಳ್ಳು. ನೀವು ಟೀಚರ್ ಅಲ್ವಾ."

ನಂಬಿಸಲು ಬೇರೆ ದಾರಿ ಇರಲಿಲ್ಲ. ಮ್ಯಾಟು ಬಿಡಿಸಿ, ವಿಷಲ್ ತೆಗೆದು ಕಿಟಕಿಯಲ್ಲಿಟ್ಟು, ಕೈ ಊರಿದೆ. ಅದೇ ಹೆದರಿಕೆ, ಅದೇ ಗಟ್ಟಿ ಕೈ. ಆದರೆ ಈ ಸಲ ಎದ್ದು ನಿಲ್ಲಲು ನಾಚಿಕೆಯಾಯಿತು. ದೂಡಿಕೊಂಡೆ. ಪಕ್ಕಕ್ಕೆ ಬಿದ್ದು, ರಾಶಿ ಹಾಕಿದ್ದ ಹಳೆಯ ಬೆಂಚಿಗೆ ಮೊಣಕಾಲು ಬಡಿಯಿತು. ಅವಳು ನಗಲಿಲ್ಲ. ಸೀನಿಯರ್ ಅಕ್ಕ ಹೇಳಿದ್ದು ಸತ್ಯ, ಅವಳು ನಗುವುದಿಲ್ಲ. ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತಳು.

"ಗದ್ದ ಎದೆಗೆ ತಾಗ್ಲಿಲ್ಲ ಟೀಚರ್. ಹೊಟ್ಟೆ ನೋಡ್ಬೇಕು. ಕೈ ಮಡಚುವಾಗ ಹೆದರ್ಲಿಕ್ಕಿಲ್ಲ, ಭುಜದ ಹಿಂದೆ ನೆಲ ಸಿಗ್ತದೆ."

ಮೂರು ವರ್ಷ ಬಂದು ಹೋದ ಟೀಚರುಗಳೆಲ್ಲ ತಿದ್ದಿದ ಮಾತುಗಳು ಅವಳಲ್ಲಿ ಒಂದೂ ಬಿಡದೆ ಇದ್ದವು. ತಪ್ಪು ಮಾಡಿ ಮಾಡಿ, ಸರಿ ಹೇಗೆ ಎಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ. ಭುಜದ ಹಿಂದೆ ನೆಲ ಸಿಗುತ್ತದೆ ಎಂಬುದು ಮಾತ್ರ ಯಾವ ರೆಕಾರ್ಡಿನಲ್ಲೂ ಇಲ್ಲ, ಅದು ಅವಳದ್ದೇ. ಹೊಟ್ಟೆ ನೋಡುತ್ತ ಮತ್ತೊಮ್ಮೆ ದೂಡಿಕೊಂಡೆ. ಸೊಟ್ಟಗೆ ಹೋಯಿತು. ಆದರೆ ಹೋಯಿತು. ಒಂದು ಕ್ಷಣ ಛಾವಣಿಯ ಹೆಂಚುಗಳು ಕಾಲಿನ ಕಡೆಯಿಂದ ಬಂದವು, ಆಮೇಲೆ ನಾನು ಕುಳಿತಿದ್ದೆ. ಭುಜದ ಹಿಂದೆ ನೆಲ ನಿಜವಾಗಿಯೂ ಇತ್ತು.

ಈಗ ನೀನು ಎಂದೆ. ಅವಳು ಮ್ಯಾಟಿನ ಅಂಚಿಗೆ ಬಂದು ನಿಂತಳು. ಬಹಳ ಹೊತ್ತು ನಿಂತಳು. ಕೈ ಊರಿದಳು. ಆಗ ಬೆಲ್ ಆಯಿತು.

"ನಾಳೆ ಹಾಕ್ತೇನೆ ಟೀಚರ್" ಎಂದು ಓಡಿದಳು. ಬಾಗಿಲಿನ ಎತ್ತರದ ಹೊಸ್ತಿಲನ್ನು ನೋಡದೆಯೇ ನೆಗೆದು ದಾಟಿದಳು.

ನಾಳೆ ಇರಲಿಲ್ಲ. ನಮ್ಮ ಪಾಠಾಭ್ಯಾಸ ಅವತ್ತಿಗೆ ಮುಗಿದಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಆಮೇಲೆ ಒಮ್ಮೆ ಹೋಗುವ ಎಂದುಕೊಂಡೆ. ಪರೀಕ್ಷೆ, ರಿಸಲ್ಟು, ಕೆಲಸ ಹುಡುಕುವುದು ಎಂದು ದಿನಗಳು ಹೋದವು. ಹೋದಾಗ ಅವಳು ಬೇರೆ ಯಾವುದೋ ಹೈಸ್ಕೂಲಿಗೆ ಸೇರಿದ್ದಳು. ಅವಳು ಲಾಗ ಹಾಕಿದಳೇ ಇಲ್ಲವೇ, ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ನಾನು ಬಂಟ್ವಾಳದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ನನ್ನ ಲಾಗ ಇನ್ನೂ ಸ್ವಲ್ಪ ಸೊಟ್ಟ. ಹೊಸ ತರಗತಿಗೆ ಮೊದಲ ದಿನ ಅದನ್ನೇ ಹಾಕಿ ತೋರಿಸುತ್ತೇನೆ, ಮಕ್ಕಳು ಸಂತೋಷದಿಂದ ತಿದ್ದುತ್ತಾರೆ. ಇಲ್ಲಿಗೇ ಕಥೆ ಸುಖವಾಗಿ ಮುಗಿಯಿತು ಎಂದುಕೊಳ್ಳಬೇಡಿ. ಕಳೆದ ತಿಂಗಳು ನಮ್ಮ ಶಾಲೆಗೂ ಪಾಠಾಭ್ಯಾಸಕ್ಕೆ ಹುಡುಗರು ಬಂದರು. ಒಳ್ಳೆಯ ಮೈಕಟ್ಟಿನ ಒಬ್ಬ ಹುಡುಗ ಎರಡನೆಯ ದಿನವೇ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ. "ಅಕ್ಕ, ನಿಮ್ಮ ಕ್ಲಾಸಲ್ಲಿ ತಪ್ಪು ಮಾಡ್ಲಿಕ್ಕೆ ಯಾರು ಒಳ್ಳೇದಿದ್ದಾರೆ?"

ನೀನೇ ಮಾಡು, ನಾನು ತಿದ್ದುತ್ತೇನೆ ಎಂದೆ. ತಮಾಷೆ ಎಂದುಕೊಂಡು ನಕ್ಕ. ನಾನು ನಗದೆ ಇದ್ದಾಗ ಅವನ ಕಿವಿ ಕೆಂಪಾಯಿತು. ಮರುದಿನ ನೋಡಿದರೆ ಪಕ್ಕದ ತರಗತಿಯ ಬಾಗಿಲಿನಲ್ಲಿ ನಿಂತು ಅದೇ ಪ್ರಶ್ನೆಯನ್ನು ಅಲ್ಲಿಯ ಟೀಚರನ್ನು ಕೇಳುತ್ತಿದ್ದ. ಅವನ ಮೇಲೆ ಸಿಟ್ಟಾಗಲು ನನಗೆ ಯಾವ ಹಕ್ಕೂ ಇಲ್ಲ. ಆದರೂ ಆಯಿತು. ಆ ತರಗತಿಯಲ್ಲಿ ಅವನು ಯಾವ ಮಗುವನ್ನು ಆರಿಸುತ್ತಾನೆ ಎಂದು ನೋಡಲು ಹೋದೆ. ಹೇಳಿದ್ದನ್ನು ಹೇಳಿದ ಹಾಗೆ ಕೇಳುವ, ನಗದ ಒಂದು ಮಗುವನ್ನೇ ಆರಿಸಿದ್ದ. ಆ ಮಗುವನ್ನು ಈಗ ದಿನಾ ಮಧ್ಯಾಹ್ನ ನಾನು ಕರೆದು ಸರಿಯಾಗಿ ಮಾಡಿಸುತ್ತೇನೆ, ಬೆಳಿಗ್ಗೆ ಅವನು ತಪ್ಪಾಗಿ ಮಾಡಿಸುತ್ತಾನೆ. ಯಾರು ಗೆಲ್ಲುತ್ತಾರೋ ನೋಡಬೇಕು.

ನಿಮ್ಮನ್ನೂ ಶಾಲೆಯಲ್ಲಿ ಯಾರಾದರೂ ಹೀಗೆ ಒಂದು ಕಡೆ ನಿಲ್ಲಿಸಿರಬಹುದು. ಓಡಲು ಬಾರದವನು, ಹಿಡಿಯಲು ಬಾರದವಳು, ಬೀಳುವವನು ಎಂದು. ನಿಮ್ಮ ಮೈ ಕಲಿಯದೆ ಬಿಟ್ಟ ಅಕ್ಷರ ಯಾವುದು, ಅದನ್ನು ಯಾರು ಬಿಡಿಸಿದರು, ಆಮೇಲೆ ಯಾವಾಗಲಾದರೂ ಕಲಿತಿರಾ, ಕೆಳಗೆ ಬರೆಯಿರಿ. ಕಲಿಸುವವರಾಗಿದ್ದರೆ ಇನ್ನೂ ಒಳ್ಳೆಯದು, ನಾಚಿಕೆ ಬಿಟ್ಟು ಬರೆಯಿರಿ. ಮತ್ತೆ, ಬೆಳುವಾಯಿ ಕಡೆ ಎರಡು ಜಡೆ ಹಾಕುತ್ತಿದ್ದ, ಮುಂದಿನ ಹಲ್ಲು ಸ್ವಲ್ಪ ಮುರಿದ ಹುಡುಗಿ ಇದನ್ನು ಓದುತ್ತಿದ್ದರೆ, ನೀನು ಆಮೇಲೆ ಹಾಕಿದೆಯಾ ಇಲ್ಲವಾ, ಅಷ್ಟನ್ನಾದರೂ ನನಗೆ ಹೇಳು.